ಆರ್ಜಿನೈನ್: ಟಾನಿಕ್ಕೋ, ಮದ್ದೋ?

ಸ್ಕ್ಯಾನಿಂಗಿನಲ್ಲಿ ಮಗುವಿನ ತೂಕ ಸಾಲದು ಎಂದು ಬಂದರೆ ಬಸುರಿಗೆ ಡಾಕ್ಟರು ಹಲವು ಬಾರಿ ಬರೆದುಕೊಡುವುದು ಒಂದು ಸ್ಯಾಶೆ ಪುಡಿ. ಅದೇ ವಸ್ತು ಜಿಮ್ ಹುಡುಗರ ಡಬ್ಬಿಯಲ್ಲೂ ಇದೆ. ಹೆಸರು ಎಲ್-ಆರ್ಜಿನೈನ್. ಶೇಂಗಾ, ಎಳ್ಳುಗಳಲ್ಲಿ ಧಾರಾಳವಾಗಿರುವ ಅಮೈನೋ ಆಮ್ಲ. ಆರೋಗ್ಯವಂತ ದೊಡ್ಡವರ ದೇಹ ಅದನ್ನು ತಾನೇ ತಯಾರಿಸಿಕೊಳ್ಳಬಲ್ಲದು.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಹೊಮ್ಮಿಸುತ್ತದೆ. ಅದರಿಂದ ನಾಳದ ಸ್ನಾಯು ಸಡಿಲಗೊಂಡು ರಕ್ತದ ಹರಿವು ಸಲೀಸಾಗುತ್ತದೆ. ಈ ಅನಿಲಕ್ಕೆ ಆರ್ಜಿನೈನೇ ಕಚ್ಚಾವಸ್ತು ಎಂದು 1988ರಲ್ಲಿ ಬ್ರಿಟನ್ನಿನಲ್ಲಿ ಸಾಲ್ವಡಾರ್ ಮೊಂಕಾಡಾ ಅವರ ತಂಡ ತೋರಿಸಿಕೊಟ್ಟಿತು.   ಕಚ್ಚಾವಸ್ತು ಹೆಚ್ಚು ಸುರಿದರೆ ಅನಿಲವೂ ಹೆಚ್ಚೀತು ಎಂಬ ಆಸೆ ಹುಟ್ಟಿದ್ದು ಸಹಜ.

ಲೆಕ್ಕ ಅಷ್ಟು ಸರಳವಲ್ಲ. ಅನಿಲ ತಯಾರಿಸುವ ಕಿಣ್ವಕ್ಕೆ ಬೇಕಾದ್ದಕ್ಕಿಂತ ಹತ್ತಾರು ಪಟ್ಟು ಆರ್ಜಿನೈನ್ ಜೀವಕೋಶದಲ್ಲಿ ಮೊದಲೇ ಇರುತ್ತದೆ. ಮೇಲಾಗಿ, ಕುಡಿದದ್ದರಲ್ಲಿ ದೊಡ್ಡ ಪಾಲನ್ನು ಕರುಳು ಮತ್ತು ಲಿವರಿನಲ್ಲಿರುವ ಆರ್ಜಿನೇಸ್ ಎಂಬ ಇನ್ನೊಂದು ಕಿಣ್ವ ಒಡೆದುಹಾಕುತ್ತದೆ. ಆದರೂ ಕೆಲವರಲ್ಲಿ ಪರಿಣಾಮ ಕಾಣುವುದನ್ನು ವಿಜ್ಞಾನಿಗಳು 'ಆರ್ಜಿನೈನ್ ಪ್ಯಾರಡಾಕ್ಸ್' ಎನ್ನುತ್ತಾರೆ.

ಆಸೆಗೆ ದೊಡ್ಡ ಪೆಟ್ಟು ಬಿದ್ದದ್ದು 2006ರಲ್ಲಿ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ತಜ್ಞರು ಹೃದಯಾಘಾತವಾದ 153 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 9 ಗ್ರಾಂ ಆರ್ಜಿನೈನ್, ಇನ್ನೊಂದಕ್ಕೆ ಹುಸಿಮದ್ದು ಕೊಟ್ಟರು. ಆರ್ಜಿನೈನ್ ಗುಂಪಿನಲ್ಲಿ ಆರು ಮಂದಿ ತೀರಿಕೊಂಡರು. ಹುಸಿಮದ್ದಿನ ಗುಂಪಿನಲ್ಲಿ ಒಬ್ಬರೂ ಇಲ್ಲ. ಹೃದಯದ ಕೆಲಸವೂ ಸುಧಾರಿಸಿರಲಿಲ್ಲ. ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. ಸಂಖ್ಯೆ ಸಣ್ಣದು, ಕಾಕತಾಳೀಯವೂ ಇರಬಹುದು. ಆದರೂ ಹೃದಯಾಘಾತದ ಬಳಿಕ ಇದನ್ನು ಕೊಡಬೇಡಿ ಎಂದೇ ಅವರು ಬರೆದರು.

ಬಸುರಿಯರ ವಿಷಯದಲ್ಲಿ ಸುದ್ದಿ ತುಸು ಹಿತವಾಗಿದೆ. ಮೆಕ್ಸಿಕೋದಲ್ಲಿ 672 ಮಹಿಳೆಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬಸಿರಿನ ಬಿಪಿ ಕಾಯಿಲೆಯಾದ ಪ್ರಿ-ಎಕ್ಲಾಂಪ್ಸಿಯಾ ಹುಸಿಮದ್ದಿನವರಲ್ಲಿ ಶೇ. 30ರಷ್ಟಿದ್ದರೆ, ಆರ್ಜಿನೈನ್ ಮತ್ತು ವಿಟಮಿನ್ ಬೆರೆಸಿದ ಬಾರ್ ತಿಂದವರಲ್ಲಿ ಶೇ. 13ರ ಆಸುಪಾಸು. ಆದರೆ ಅವರೆಲ್ಲ ಈ ಕಾಯಿಲೆಯ ಅಪಾಯ ಹೆಚ್ಚಿದ್ದವರು, ಬಾರಿನಲ್ಲಿದ್ದದ್ದು ಆರ್ಜಿನೈನ್ ಒಂದೇ ಅಲ್ಲ. ಈ ಫಲಿತಾಂಶವನ್ನು ಎಲ್ಲ ಬಸುರಿಯರಿಗೂ ಹಿಗ್ಗಿಸುವುದು ನನಗೆ ಒಪ್ಪಿಗೆಯಿಲ್ಲ.

ತಕರಾರಿಲ್ಲದ ಉಪಯೋಗ ಅಪರೂಪದ ಹುಟ್ಟುಕಾಯಿಲೆಗಳಲ್ಲಿದೆ. ಪ್ರೋಟೀನ್ ಜೀರ್ಣವಾದಾಗ ಹುಟ್ಟುವ ಅಮೋನಿಯಾವನ್ನು ಲಿವರು ಹಂತಹಂತವಾಗಿ ಯೂರಿಯಾ ಮಾಡುತ್ತದೆ; ಕೊನೆಯ ಹಂತಕ್ಕೆ ಮುಂಚೆ ಸಿಗುವುದೇ ಆರ್ಜಿನೈನ್. ಅದಕ್ಕೂ ಹಿಂದಿನ ಹಂತ ಕೆಟ್ಟಿರುವ ಕೆಲವು ಕೂಸುಗಳಲ್ಲಿ ಅಮೋನಿಯಾ ಮಿದುಳಿಗೆ ಏರುತ್ತದೆ. ಆಗ ರಕ್ತನಾಳದ ಮೂಲಕ ಕೊಡುವ ಆರ್ಜಿನೈನ್ ಜೀವ ಉಳಿಸಬಲ್ಲದು. ಕೆಟ್ಟಿರುವುದು ಕೊನೆಯ ಹಂತದ ಆರ್ಜಿನೇಸ್ ಆದರೆ ಅದೇ ಆರ್ಜಿನೈನ್ ವಿಷ, ಊಟದಲ್ಲಿರುವುದನ್ನೂ ಕಡಿತಗೊಳಿಸಬೇಕು.

ಬಾಯಿಂದ ತೆಗೆದುಕೊಂಡಾಗ ಸಾಮಾನ್ಯವಾಗಿ ಕಾಡುವುದು ಹೊಟ್ಟೆಯುಬ್ಬರ, ಭೇದಿ. ಬಿಪಿ ಇಳಿಯಬಹುದು. ಎದೆನೋವಿಗೆ ನೈಟ್ರೇಟ್ ಮಾತ್ರೆ ಅಥವಾ ಲೈಂಗಿಕ ದೌರ್ಬಲ್ಯಕ್ಕೆ ಸಿಲ್ಡೆನಾಫಿಲ್ ತೆಗೆದುಕೊಳ್ಳುವವರಲ್ಲಿ ತೀರಾ ಕೆಳಗಿಳಿದು ತಲೆಸುತ್ತು ಬಂದೀತು. ಕಿಡ್ನಿ ದುರ್ಬಲವಾಗಿದ್ದವರಿಗೆ ಡ್ರಿಪ್ ಮೂಲಕ ಕೊಟ್ಟರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಲಯ ತಪ್ಪುವ ಭಯವಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ಮೊದಲು ರಕ್ತಪರೀಕ್ಷೆ, ಆಮೇಲೆ ಆರ್ಜಿನೈನ್.