ಬೇಸಗೆಯ ನಾಲ್ಕು ದಿನ

ನೆಂಟರ ಮನೆಗೆ ಹೋಗಿ ಎಷ್ಟು ದಿನವಾಯಿತೆಂದು ನಮ್ಮ ಬೆಳೆಗಾರ ಬಾಂಧವರನ್ನು ಕೇಳಿದರೆ, "ಪುರುಸೊತ್ತೆಲ್ಲಿ ಸ್ವಾಮಿ?" ಎಂಬ ಉತ್ತರ ಸಿದ್ಧ. ನನ್ನ ಉತ್ತರವೂ ಅದೇ ಆಗಿತ್ತು. ತೀರ್ಥಹಳ್ಳಿ ಕಡೆಯ ಅಕ್ಕನ ಮನೆಗೆ ಹೋಗದೆ ಆರು ವರ್ಷವಾಗಿತ್ತು. ಈ ಸಲ ಕಾಫಿಗೆ ಹೂಮಳೆ ಬಿದ್ದು ಕಾಯಿ ಕಚ್ಚಿದ ಮೇಲೆ, ಬೆಂಗಳೂರಿನಿಂದ ರಜಕ್ಕೆ ಬಂದಿದ್ದ ತಮ್ಮನ ಮಕ್ಕಳನ್ನೂ ಕರೆದುಕೊಂಡು ಹೊರಟೆವು.

ಮೊದಲ ದಿನ ಅಂಗಳದಲ್ಲಿ ಹಲಸಿನ ಹಪ್ಪಳದ ಕೆಲಸ. ಕಾಗೆ ಓಡಿಸುವ ಅಧಿಕಾರ ಮಕ್ಕಳದು. ಹಸಿ ಹಪ್ಪಳ ಕಾಗೆಗಿಂತ ಅವರೇ ಹೆಚ್ಚು ತಿಂದರು. ಮರುದಿನ ಕುಪ್ಪಳಿಗೆ ಹೋಗಿ ಕುವೆಂಪು ಬೆಳೆದ ಮನೆಯನ್ನೂ, ಕವಿಶೈಲದಲ್ಲಿ ಅವರ ಸಮಾಧಿಯನ್ನೂ ನೋಡಿದೆವು. ಮೂರನೆಯ ಸಂಜೆ ಆಗುಂಬೆ. ಮೋಡ ಅಡ್ಡ ಬಂದು ಸೂರ್ಯಾಸ್ತ ಕಾಣಲಿಲ್ಲ. ಮಕ್ಕಳ ಮುಖ ಸಪ್ಪಗಾಯಿತು. ಭಾವ ಮಾತ್ರ ನಕ್ಕು, "ಮೋಡ ಕಂಡಿತಲ್ಲ, ಔಷಧಿ ಹೊಡೆಯುವ ಲೆಕ್ಕ ಹಾಕಿ" ಎಂದರು. ನಾಲ್ಕನೆಯ ದಿನ ಎಲ್ಲಿಗೂ ಹೋಗದೆ ಜಗಲಿಯಲ್ಲಿ ಕೂತು ಹಳೆಯ ಮಾತು ಆಡಿದೆವು.

ಹೊರಡುವಾಗ ಅಕ್ಕ ಮಿಡಿ ಉಪ್ಪಿನಕಾಯಿಯ ಜಾಡಿ ಕೈಗಿತ್ತು, "ಮತ್ತೆ ಆರು ವರ್ಷ ಮಾಡಬೇಡ ಮಾರಾಯ, ಅಷ್ಟು ದಿನ ನಾನಿರಬೇಕಲ್ಲ" ಎಂದಳು.

ನಮ್ಮ ವರ್ಷದ ಲೆಕ್ಕವನ್ನೇ ನೋಡಿ. ಮಳೆ ಹಿಡಿಯುವ ಮುನ್ನ ಅಡಿಕೆಗೆ ಶೇಕಡಾ 1ರ ಬೋರ್ಡೋ, 40-45 ದಿನ ಬಿಟ್ಟು ಇನ್ನೊಂದು. ಆಮೇಲೆ ಕೊನೆಕೊಯ್ಲು, ಕಾಫಿ ಕೊಯ್ಲು, ತೋಟಕ್ಕೆ ನೀರು. ಉಳಿಯುವುದು ಬೇಸಗೆಯ ಈ ಸಂದು ಒಂದೇ. ಮೈಲುತುತ್ತ, ಸುಣ್ಣ ತಂದಿಟ್ಟು, ಕೊನೆಗಾರನಿಗೆ ದಿನ ಗೊತ್ತುಮಾಡಿ, ನಾಲ್ಕು ದಿನ ಹೋಗಿಬನ್ನಿ. ತೋಟ ಅಲ್ಲೇ ಇರುತ್ತದೆ, ಹಿರಿಯರು ಕಾಯುತ್ತಿರುತ್ತಾರೆ.