ಮುಚ್ಚಿಟ್ಟು ಹಂಚಿಕೊಳ್ಳುವ ಮೇಜು

ಬಾಗಿಲ ಆಚೆ, ಗವಿಯ ಮೂಲೆಯಲ್ಲಿ, ರಾಕ್ಷಸನೊಬ್ಬ ಹೊಂಚು ಹಾಕಿ ಕೂತಿದ್ದಾನೆ. ಆಟಕ್ಕೆ ಸೇರಿದ ಐವರಲ್ಲಿ ಇದು ಗೊತ್ತಿರುವುದು ಆಟ ನಡೆಸುವ ಗೇಮ್ ಮಾಸ್ಟರ್ ಒಬ್ಬನಿಗೆ ಮಾತ್ರ. ಉಳಿದ ನಾಲ್ವರು ಒಂದೊಂದು ಪಾತ್ರ ವಹಿಸಿಕೊಂಡು, ಮುಂದೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತ, ಅದು ಫಲಿಸಿತೋ ಇಲ್ಲವೋ ಎಂದು ದಾಳ ಉರುಳಿಸಿ ನೋಡುತ್ತ ಕತೆಯನ್ನು ಮುಂದೊಯ್ಯುತ್ತಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಲ್ಲಿ ಹೊರತಂದ ಈ ಬಗೆಯ ಆಟಕ್ಕೆ ಹೆಚ್ಚಿನ ಸಾಮಾನು ಬೇಡ. ಚೌಕುಳಿ ಕಾಗದ, ಕೆಲವು ಕಾಯಿಗಳು, ನಾಲ್ಕು ಮುಖದವುಗಳಿಂದ ಹಿಡಿದು ಇಪ್ಪತ್ತು ಮುಖದವುಗಳವರೆಗೆ ದಾಳಗಳು. ಗೇಮ್ ಮಾಸ್ಟರ್‌ನ ಗುಟ್ಟು ಕಾಯಲು ಒಂದು ರಟ್ಟಿನ ಮರೆ.

ಆಟಗಾರರು ಓದು ಮುಗಿಸಿ, ಕೆಲಸ ಹಿಡಿದು, ಬೇರೆ ಬೇರೆ ಊರು ಸೇರಿದಾಗ ಈ ಆಟದ ಮೇಜು ಕಂಪ್ಯೂಟರಿಗೆ ಬಂತು. 2004ರ ‘ಫ್ಯಾಂಟಸಿ ಗ್ರೌಂಡ್ಸ್’ ಕಂಪ್ಯೂಟರಿನಲ್ಲಿ ಇನ್‌ಸ್ಟಾಲ್ ಮಾಡಿಕೊಳ್ಳಬೇಕಾದ ತಂತ್ರಾಂಶ. 2012ರಲ್ಲಿ ಬಂದ ‘ರೋಲ್20’ ಬ್ರೌಸರಿನಲ್ಲೇ ತೆರೆದುಕೊಂಡಿತು. ಕಾಲೇಜಿನಲ್ಲಿ ಒಟ್ಟಿಗಿದ್ದ ಮೂವರು ದೂರವಾದ ಮೇಲೂ ಆಟ ಬಿಡಲಾರದೆ ಕಟ್ಟಿದ್ದು ಅದು. 2020ರ ‘ಫೌಂಡ್ರಿ’ಯನ್ನು ಒಮ್ಮೆ ದುಡ್ಡು ಕೊಟ್ಟು ಕೊಂಡರೆ ಸ್ವಂತ ಕಂಪ್ಯೂಟರಿನಿಂದಲೇ ನಡೆಸಬಹುದು. ಇಂಥವನ್ನೆಲ್ಲ ವರ್ಚುವಲ್ ಟೇಬಲ್‌ಟಾಪ್ ಎನ್ನುತ್ತಾರೆ.

ನಕಾಶೆಯ ಚಿತ್ರವೊಂದು, ಅದರ ಮೇಲೆ ಸರಿಯುವ ಪುಟ್ಟ ಚಿತ್ರಗಳು. ಇದರಲ್ಲಿ ಕಷ್ಟವೇನಿದೆ ಅನ್ನಿಸಬಹುದು. ಆದರೆ ನಿಜವಾದ ಮೇಜು ಒಂದೇ ಇರುತ್ತದೆ, ಇಲ್ಲಿ ಐದು ಬ್ರೌಸರುಗಳಲ್ಲಿ ಐದು ಮೇಜುಗಳಿವೆ. ಅವು ಒಂದೇ ಎಂಬ ಭ್ರಮೆ ಎಲ್ಲೂ ಹರಿಯದಂತೆ ನೋಡಿಕೊಳ್ಳಬೇಕು. ಹಳೆಯ ಪದ್ಧತಿಯಲ್ಲಿ ಬ್ರೌಸರ್ ಕೇಳಿದರೆ ಮಾತ್ರ ಸರ್ವರ್ ಉತ್ತರಿಸುತ್ತಿತ್ತು. ಯಾರಾದರೂ ಕಾಯಿ ಸರಿಸಿದರೇ ಎಂದು ಗಳಿಗೆಗೊಮ್ಮೆ ಕೇಳುತ್ತಲೇ ಇರಬೇಕಿತ್ತು. 2011ರಲ್ಲಿ ಅಧಿಕೃತ ಮಾನಕವಾದ ವೆಬ್‌ಸಾಕೆಟ್ ಈ ಪರದಾಟ ತಪ್ಪಿಸಿತು. ಒಮ್ಮೆ ಸಂಪರ್ಕ ಏರ್ಪಟ್ಟರೆ ಅದು ತೆರೆದೇ ಇರುತ್ತದೆ, ಸುದ್ದಿ ಇದ್ದಾಗ ಸರ್ವರ್ ತಾನಾಗಿಯೇ ಕಳಿಸುತ್ತದೆ.

ಆದರೂ ದೂರ ದೂರವೇ. ಆಟಗಾರ ಬೆಂಗಳೂರಿನಲ್ಲಿ, ಸರ್ವರ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದ್ದರೆ ನಡುವೆ ಸುಮಾರು 14,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಕೇಬಲ್ಲು ನೇರ ದಾರಿಯಲ್ಲೇ ಬಿದ್ದಿದೆ ಎಂದುಕೊಂಡರೂ ಹೋಗಿಬರಲು 140 ಮಿಲಿಸೆಕೆಂಡ್ ಬೇಕು. ಪ್ರತಿ ಸಣ್ಣ ಚಲನೆಗೂ ಸರ್ವರ್‌ನ ಅಪ್ಪಣೆಗೆ ಕಾದರೆ ಕಾಯಿ ಬೆರಳಿಗೆ ಅಂಟಿಕೊಳ್ಳದೆ ಹಿಂದೆ ತೆವಳುತ್ತದೆ. ಅದಕ್ಕೇ ಬ್ರೌಸರ್ ಮೊದಲು ಕಾಯಿಯನ್ನು ಸರಿಸಿಬಿಡುತ್ತದೆ, ಆಮೇಲೆ ಸರ್ವರಿಗೆ ತಿಳಿಸುತ್ತದೆ. ಇಬ್ಬರು ಒಂದೇ ಕಾಯಿಯನ್ನು ಎಳೆದಿದ್ದರೆ ಯಾರ ಮಾತು ನಿಲ್ಲಬೇಕೆಂದು ಸರ್ವರ್ ತೀರ್ಮಾನಿಸುತ್ತದೆ. ಸೋತವರ ಪರದೆಯಲ್ಲಿ ಕಾಯಿ ಸುಮ್ಮನೆ ಜಾರಿ ಸರಿಯಾದ ಮನೆಗೆ ಸೇರುತ್ತದೆ. ಪರದೆ ಸೆಕೆಂಡಿಗೆ 60 ಸಲ ಬದಲಾದರೂ ಅಷ್ಟೂ ಸಲ ಸುದ್ದಿ ಕಳಿಸುವವರಿಲ್ಲ. ಹತ್ತೋ ಇಪ್ಪತ್ತೋ ಸಲ ಕಳಿಸಿದರೆ ಸಾಕು, ನಡುವಿನ ಹಾದಿಯನ್ನು ನೋಡುವವರ ಬ್ರೌಸರ್ ತಾನೇ ತುಂಬಿಕೊಳ್ಳುತ್ತದೆ.

ದಾಳದ ಕತೆ ಇನ್ನೂ ಸ್ವಾರಸ್ಯದ್ದು. ಕಂಪ್ಯೂಟರಿನಿಂದ 0ರಿಂದ 255ರೊಳಗಿನ ಒಂದು ಯಾದೃಚ್ಛಿಕ ಸಂಖ್ಯೆ ಪಡೆದು, 20ರಿಂದ ಭಾಗಿಸಿ, ಶೇಷಕ್ಕೆ ಒಂದು ಕೂಡಿಸಿದರೆ ಇಪ್ಪತ್ತು ಮುಖದ ದಾಳ ಸಿದ್ಧವಾಯಿತಲ್ಲ? ಇಲ್ಲ, ಅದು ಮೋಸದ ದಾಳ. 256ನ್ನು 20 ನಿಶ್ಶೇಷವಾಗಿ ಭಾಗಿಸುವುದಿಲ್ಲ. ಒಂದರಿಂದ ಹದಿನಾರರವರೆಗಿನ ಮುಖಗಳಿಗೆ ತಲಾ 13 ಅವಕಾಶ ಸಿಕ್ಕರೆ, 17ರಿಂದ 20ರವರೆಗಿನವಕ್ಕೆ ತಲಾ 12 ಮಾತ್ರ. ಆಟಗಾರರು ಹಂಬಲಿಸುವ ಇಪ್ಪತ್ತೇ ಶೇಕಡಾ 5ರ ಬದಲು 4.69ಕ್ಕೆ ಇಳಿಯುತ್ತದೆ. ಪರಿಹಾರ ಸುಲಭ: 240 ಅಥವಾ ಅದಕ್ಕೂ ದೊಡ್ಡ ಸಂಖ್ಯೆ ಬಂದರೆ ಎಸೆದು ಇನ್ನೊಂದು ಕೇಳುವುದು. ಇನ್ನೂ ಮುಖ್ಯವಾದ ಮಾತು, ದಾಳ ಉರುಳಬೇಕಾದದ್ದು ಸರ್ವರ್‌ನಲ್ಲಿ. ಆಟಗಾರನ ಬ್ರೌಸರಿನಲ್ಲಿ ಉರುಳಿಸಿದರೆ ಸ್ವಲ್ಪ ತಿಳಿದವನು ಬೇಕಾದ ಸಂಖ್ಯೆಯನ್ನೇ ಕಳಿಸಬಲ್ಲ. ಸರ್ವರ್‌ನಲ್ಲಿ ಉರುಳಿಸಿದಾಗ, ಪರದೆಯ ಮೇಲೆ ಗಿರಗಿರನೆ ಉರುಳುವ ಮೂರು ಆಯಾಮದ ದಾಳ ಬರೀ ವೇಷ. ಫಲ ಅಷ್ಟರಲ್ಲಾಗಲೇ ಬಂದಿರುತ್ತದೆ.

ಈಗ ಬಾಗಿಲ ಆಚೆಯ ಗುಟ್ಟಿಗೆ ಬರೋಣ. ಎಲ್ಲರ ಮೇಜೂ ಒಂದೇ ಆಗಿರಬೇಕು, ಆದರೆ ಒಬ್ಬೊಬ್ಬರಿಗೂ ಅದು ಬೇರೆಯಾಗಿ ಕಾಣಬೇಕು. ನನ್ನ ಮಟ್ಟಿಗೆ ಈ ಯಂತ್ರದ ನಿಜವಾದ ಕಸುಬು ಇದೇ, ಚಿತ್ರದ ಅಂದಚೆಂದವೆಲ್ಲ ಆಮೇಲಿನದು. ನಕಾಶೆಯಲ್ಲಿ ನಮ್ಮ ಕಣ್ಣಿಗೆ ಕಾಣುವ ಗೋಡೆ ಕಂಪ್ಯೂಟರಿಗೆ ಬರೀ ಬಣ್ಣದ ಚುಕ್ಕಿಗಳು. ಆದ್ದರಿಂದ ಗೇಮ್ ಮಾಸ್ಟರ್ ಅದರ ಮೇಲೆ ಅದೃಶ್ಯ ಗೆರೆಗಳನ್ನು ಎಳೆದಿರುತ್ತಾನೆ. ಕಾಯಿ ನಿಂತ ಜಾಗದಿಂದ ಪ್ರತಿ ಗೆರೆಯ ಎರಡೂ ತುದಿಗಳತ್ತ ಕಿರಣ ಬಿಡಬೇಕು, ಜೊತೆಗೆ ತುದಿಯ ತುಸು ಎಡಕ್ಕೊಂದು, ತುಸು ಬಲಕ್ಕೊಂದು. ಇಲ್ಲದಿದ್ದರೆ ಮೂಲೆ ದಾಟಿ ಆಚೆ ಬೀಳುವ ನೋಟ ತಪ್ಪಿಹೋಗುತ್ತದೆ. ಪ್ರತಿ ಕಿರಣ ಮೊದಲು ಎಲ್ಲಿ ಗೋಡೆಗೆ ಬಡಿಯಿತು ಎಂದು ಗುರುತಿಸಿ, ಆ ಬಿಂದುಗಳನ್ನು ಕೋನದ ಕ್ರಮದಲ್ಲಿ ಜೋಡಿಸಿದರೆ ಬಹುಭುಜಾಕೃತಿಯೊಂದು ಮೂಡುತ್ತದೆ. ಅದರ ಒಳಗಿನದ್ದು ಬೆಳಕು, ಹೊರಗಿನದ್ದು ಕತ್ತಲೆ.

200 ಗೋಡೆಗಳಿದ್ದರೆ 400 ತುದಿ, 1,200 ಕಿರಣ. ಪ್ರತಿಯೊಂದನ್ನೂ ಎಲ್ಲ ಗೋಡೆಗಳ ಜೊತೆ ತಾಳೆ ನೋಡಿದರೆ 2.4 ಲಕ್ಷ ಲೆಕ್ಕ. ಒಂದು ಸಲಕ್ಕೆ ಕಂಪ್ಯೂಟರಿಗೆ ಇದೇನೂ ಭಾರವಲ್ಲ. ಕಾಯಿ ಎಳೆಯುವಾಗ ಸೆಕೆಂಡಿಗೆ 60 ಸಲ ಮಾಡು ಎಂದರೆ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಕೂಗತೊಡಗುತ್ತದೆ. ಅದಕ್ಕೆ ನಕಾಶೆಯನ್ನು ತುಂಡುಗಳಾಗಿ ವಿಂಗಡಿಸಿ ಹತ್ತಿರದ ಗೋಡೆಗಳನ್ನಷ್ಟೇ ನೋಡುವ ಉಪಾಯಗಳಿವೆ. ಕಿಟಕಿಯದ್ದು ಬೇರೆ ನಿಯಮ, ಅದು ನೋಟವನ್ನು ಬಿಡುತ್ತದೆ, ಹೆಜ್ಜೆಯನ್ನು ತಡೆಯುತ್ತದೆ. ಬಾಗಿಲು ತೆರೆದ ಕ್ಷಣ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಮಾಡಿಯೂ ಗುಟ್ಟು ಸೋರಬಹುದು. ಇಡೀ ನಕಾಶೆಯ ಮಾಹಿತಿಯನ್ನು ಎಲ್ಲರ ಬ್ರೌಸರಿಗೂ ಕಳಿಸಿ ಮೇಲೆ ಕಪ್ಪು ಬಳಿದರೆ, ಎಫ್12 ಕೀಲಿ ಒತ್ತಿ ಒಳಗಿನದ್ದನ್ನು ಓದಲು ಬರುವವರಿಗೆ ಆ ಕಪ್ಪು ಲೆಕ್ಕಕ್ಕೇ ಇಲ್ಲ. ಕಾಯಿಗೆ ‘ಮುದುಕ’ ಎಂದು ಹೆಸರಿಟ್ಟು, ಅದರ ಚಿತ್ರದ ಕಡತಕ್ಕೆ ‘ರಕ್ತಪಿಶಾಚಿ’ ಎಂಬ ಹೆಸರು ಉಳಿಸಿದರೂ ಸಾಕು, ಕತೆ ಬಯಲು. ಕಾಣದ ಪ್ರಾಣಿಯ ಸುಳಿವನ್ನೇ ಸರ್ವರ್ ಕಳಿಸಬಾರದು. ಆದರೆ ನೋಟದ ಲೆಕ್ಕ ಚುರುಕಾಗಿ ನಡೆಯಬೇಕಾದರೆ ಗೋಡೆಗಳ ಗೆರೆಗಳಾದರೂ ಆಟಗಾರನ ಬ್ರೌಸರಿನಲ್ಲಿ ಇರಬೇಕಾಗುತ್ತದೆ. ನನ್ನನ್ನು ಕೇಳಿದರೆ ಗೋಡೆಗಳನ್ನು ಕೊಟ್ಟು, ಪ್ರಾಣಿಗಳನ್ನು ಬಚ್ಚಿಡುವುದು ಒಳ್ಳೆಯ ರಾಜಿ. ಗೆಳೆಯರ ನಡುವೆ ಇಷ್ಟು ಅಪನಂಬಿಕೆ ಏಕೆ ಎನ್ನುವವರಿದ್ದಾರೆ. ಆದರೆ ಇಣುಕುವ ಆಸೆ ಗೆಳೆಯರಿಗೇ ಹೆಚ್ಚು.

ಇನ್ನು ನಿಯಮಗಳು. ಪೆಟ್ಟು ತಗುಲಿತೇ, ಎಷ್ಟು ರಕ್ತ ಹೋಯಿತು ಎಂಬುದನ್ನೆಲ್ಲ ಯಂತ್ರವೇ ಲೆಕ್ಕ ಹಾಕುವಂತೆ ಕಟ್ಟಬಹುದು, ಫೌಂಡ್ರಿಯಲ್ಲಿ ಅಂಥ ಜೋಡಣೆಗಳು ಹೇರಳ. ಸರಳವಾದ ‘ಔಲ್‌ಬೇರ್ ರೋಡಿಯೋ’ ನಕಾಶೆ, ಕಾಯಿ, ದಾಳ ಇಷ್ಟನ್ನು ಮುಂದಿಟ್ಟು ಉಳಿದದ್ದನ್ನು ಬಹುಮಟ್ಟಿಗೆ ಆಟಗಾರರಿಗೇ ಬಿಡುತ್ತದೆ. ನನ್ನ ಒಲವು ಎರಡನೆಯದರ ಕಡೆಗೆ. ರಟ್ಟಿನ ಮರೆಯ ಹಿಂದೆ ದಾಳ ಉರುಳಿಸಿ, ಬಿದ್ದದ್ದನ್ನು ನೋಡಿ, ಆಟಗಾರನ ಮುಖವನ್ನೂ ನೋಡಿ, ಬೇರೆಯೇ ಸಂಖ್ಯೆ ಹೇಳುವ ಗೇಮ್ ಮಾಸ್ಟರ್‌ಗಳು ಇದ್ದೇ ಇದ್ದಾರೆ. ಅವರಿಗಾಗಿ ವರ್ಚುವಲ್ ಟೇಬಲ್‌ಟಾಪ್‌ಗಳಲ್ಲಿ ಗುಟ್ಟಿನ ದಾಳವೂ ಇದೆ. ಅದರ ಫಲ ಕಾಣುವುದು ಗೇಮ್ ಮಾಸ್ಟರ್‌ಗೆ ಮಾತ್ರ. ಆಮೇಲೆ ಅವನು ಏನು ಹೇಳುತ್ತಾನೋ ಅದನ್ನು ಯಂತ್ರ ಪ್ರಶ್ನಿಸುವುದಿಲ್ಲ.