ನಿಮಗಿದು ಗೊತ್ತೆ? ಸರಾಸರಿಯೇ ಆರೋಗ್ಯವಲ್ಲ

ರಕ್ತದೊತ್ತಡ, ಸಕ್ಕರೆ ಎಲ್ಲವೂ ‘ನಾರ್ಮಲ್’ ಎಂದು ವರದಿ ಬಂದರೆ ಆರೋಗ್ಯ ಚೆನ್ನಾಗಿದೆ ಎಂದೇ ಅರ್ಥವೇ? ಹಾಗೇನಿಲ್ಲ ಎಂದವರು ಫ್ರಾನ್ಸಿನ ತತ್ತ್ವಶಾಸ್ತ್ರ ಪ್ರಾಧ್ಯಾಪಕ ಜಾರ್ಜ್ ಕಾಂಗಿಲೆಮ್ (1904–1995). ತತ್ತ್ವಶಾಸ್ತ್ರದ ಪಾಠ ಹೇಳುತ್ತಲೇ ಅವರು ವೈದ್ಯಕೀಯ ಓದಿದರು. 1943ರಲ್ಲಿ ಮಂಡಿಸಿದ ಪ್ರಬಂಧದಲ್ಲಿ, ಅಂಕಿಗಳ ಸರಾಸರಿಯಿಂದ ಆರೋಗ್ಯವನ್ನು ಅಳೆಯಲಾಗದು ಎಂದು ವಾದಿಸಿದರು. ಪರಿಸ್ಥಿತಿ ಬದಲಾದಾಗ ಬದುಕಿಗೆ ಹೊಸ ಕ್ರಮ ಕಟ್ಟಿಕೊಳ್ಳುವ ಶಕ್ತಿಯೇ ಆರೋಗ್ಯ. ಆ ಶಕ್ತಿ ಕುಗ್ಗಿ, ಇಕ್ಕಟ್ಟಾದ ಒಂದೇ ಕ್ರಮಕ್ಕೆ ಕಟ್ಟುಬೀಳುವುದೇ ಕಾಯಿಲೆ. ರೋಗಿಯ ನೋವಿನಿಂದಲೇ ವೈದ್ಯಶಾಸ್ತ್ರ ಹುಟ್ಟಿತು, ಪ್ರಯೋಗಾಲಯ ಬಂದದ್ದು ಆಮೇಲೆ ಎಂಬುದು ಅವರ ನಿಲುವು. ತಪಾಸಣಾ ಪ್ಯಾಕೇಜುಗಳ ಈ ಕಾಲದಲ್ಲಿ ನೆನೆಯಲೇಬೇಕಾದ ಮಾತಿದು. ಆ ಪ್ರಬಂಧ ಮಂಡಿಸಿದ ವರ್ಷಗಳಲ್ಲೇ ಕಾಂಗಿಲೆಮ್ ನಾಜಿಗಳ ವಿರುದ್ಧದ ಭೂಗತ ಹೋರಾಟದಲ್ಲೂ ಇದ್ದರು. ಮುಂದೆ ಫ್ರೆಂಚ್ ಚಿಂತಕ ಮಿಶೆಲ್ ಫೂಕೋ ಅವರ ಡಾಕ್ಟರೇಟ್ ಪ್ರಬಂಧವನ್ನು ಪರಿಶೀಲಿಸಿದವರೂ ಇವರೇ.